ಭಾವನ ದೋಣಿಯ ಟೀವಿ

ಗಂಗೊಳ್ಳಿ ಅಳಿವೆಯಲ್ಲಿ ಸಣ್ಣ ದೋಣಿ ಇಟ್ಟುಕೊಂಡಿರುವ ನಮ್ಮ ಭಾವ ಸೈಡ್ ಸ್ಕ್ಯಾನ್ ಸೋನಾರ್ ಕೂರಿಸಿದ ಮೇಲೆ ನನಗೂ ಒಂದು ಹುದ್ದೆ ಸಿಕ್ಕಿದೆ. ಭಾವ ಬೀಸುಬಲೆ ಹಿಡಿದು ನಿಲ್ಲುತ್ತಾರೆ, ನಾನು ಕೊಡೆ ಹಿಡಿದು ಕೂರುತ್ತೇನೆ. ಕೊಡೆ ನನಗಲ್ಲ, ಪರದೆಗೆ. ಬಿಸಿಲು ಬಿದ್ದರೆ ಅದರಲ್ಲಿ ನನ್ನ ಮುಖವೇ ಕಾಣುತ್ತದೆ, ಅದನ್ನು ನೋಡಿ ಬಲೆ ಬೀಸುವಂತಿಲ್ಲ.

ಈ ಯಂತ್ರ ದೋಣಿಯ ಎಡಬಲಕ್ಕೆ ಶಬ್ದ ಕಳಿಸಿ ಮಾರ್ದನಿ ಕೇಳುತ್ತದೆ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಜಗಲಿಯಲ್ಲಿ ನಾನು ಕಾಫಿ ಕೇಳಿದ ಶಬ್ದ ಅಡುಗೆಮನೆ ತಲುಪಲು ಅರ್ಧ ಗಂಟೆ ಬೇಕು. ಮೀನಿನ ಹೊಟ್ಟೆಯ ಗಾಳಿಚೀಲಕ್ಕೆ ಬಡಿದ ಶಬ್ದ ಜೋರಾಗಿ ಮರಳುತ್ತದಂತೆ. ಆ ಲೆಕ್ಕದಲ್ಲಿ ನಾನು ನೀರಿಗೆ ಬಿದ್ದರೆ ಪರದೆ ತುಂಬ ನಾನೇ.

ಚಿತ್ರ ಸೊಟ್ಟಗಾಗಬಾರದೆಂದರೆ ದೋಣಿ ನೆಟ್ಟಗೆ, ನಿಧಾನ ಸಾಗಬೇಕು. ಅಳಿವೆಯಲ್ಲಿ ಹಾರಿಸಿಕೊಂಡು ಹೋಗುತ್ತಿದ್ದ ಭಾವ ಈಗ ಲೈಸೆನ್ಸ್ ಪರೀಕ್ಷೆಗೆ ಬಂದ ಹುಡುಗನಂತೆ ದೋಣಿ ಬಿಡುತ್ತಾರೆ. ಪರದೆಯಲ್ಲಿ ಮೀನೆಂದರೆ ಒಂದು ಬೆಳ್ಳನೆ ಚುಕ್ಕೆ, ಅದರಾಚೆ ಕಪ್ಪು ನೆರಳು. ನೆರಳು ಚುಕ್ಕೆಯಿಂದ ದೂರವಿದ್ದಷ್ಟೂ ಮೀನು ತಳದಿಂದ ಮೇಲಿದೆ ಎಂದರ್ಥ.

"ಭಾವ, ದೊಡ್ಡ ಮೀನು!" ಎಂದು ಕೂಗಿದೆ.

"ಅದ್ ಕಲ್ಲ್ ಮಾರಾಯ, ಅಜ್ಜಯ್ಯನ ಕಾಲ್ದಿಂದ ಅಲ್ಲೇ ಇತ್ತ್" ಎಂದವರೇ ಎಲ್ಲೋ ಎರಗಿದ ಹಕ್ಕಿಗಳನ್ನು ನೋಡಿ ಅತ್ತ ಬಲೆ ಬೀಸಿದರು.

ಮನೆಗೆ ಬಂದು ಅಕ್ಕನಿಗೆ ಹೊಳೆಯ ತಳದ ವರದಿ ಒಪ್ಪಿಸಿದೆ: ಮುಳುಗಿದ ಮರದ ದಿಮ್ಮಿ, ಹರಿದ ಬಲೆ, ಒಂದು ಲಾರಿ ಟಯರು.

ಅಕ್ಕ ಕೇಳಿದಳು, "ಟಯರಿಗೆ ಹುಳಿ ಎಷ್ಟು ಹಾಕ್ಲಿ?"