ಹನ್ನೊಂದು ಹಾಯ್

ಬೆಂಗಳೂರಿನ ಜಪಾನಿ ತರಗತಿಯಲ್ಲಿ ಮೊದಲ ದಿನ ಹಾಜರಿ ಕರೆದರೆ ಒಬ್ಬೊಬ್ಬರೂ ‘ಹಾಯ್’ ಎನ್ನುತ್ತಿದ್ದರು. ಭಾರೀ ಸಲುಗೆಯ ಕ್ಲಾಸು ಎಂದುಕೊಂಡು, ನನ್ನ ಹೆಸರು ಬಂದಾಗ ‘ಹಲೋ ಮೇಡಂ’ ಎಂದೆ. ಜಪಾನಿಯಲ್ಲಿ ಹಾಯ್ ಎಂದರೆ ‘ಹೌದು’ ಎಂದು ತಿಳಿದದ್ದು ಎಲ್ಲರೂ ನಕ್ಕು ಮುಗಿಸಿದ ಮೇಲೆ.

ಸಲುಗೆಯ ‘ಹೌದು’ ಬೇರೆಯೇ ಇತ್ತು: ‘ಉನ್’. ಥೇಟ್ ನಮ್ಮ ‘ಹೂಂ’. ಅದನ್ನೇ ಎಳೆದು, ನಡುವೆ ಸ್ವರ ತಗ್ಗಿಸಿ ಎತ್ತಿದರೆ ‘ಉಉನ್’, ಅಂದರೆ ನಮ್ಮ ‘ಊಹೂಂ’. ಅಳದಂಗಡಿಯಲ್ಲಿ ಹುಟ್ಟಿ, ಮನೆಯಲ್ಲಿ ತುಳುವಿನ ‘ಅಂದ್’, ಶಾಲೆಯಲ್ಲಿ ‘ಹೌದು’ ಎನ್ನುತ್ತ ಬೆಳೆದವನಿಗೆ ಇದೇನು ಮಹಾ! ಅರ್ಧ ಜಪಾನಿ ಹುಟ್ಟುವಾಗಲೇ ಬಂದಿತ್ತು ಎಂದು ಬೀಗಿದೆ. ಹಿರಿಯರಿಗೆ ‘ಹೂಂ’ ಅಂದರೆ ಅಜ್ಜ ಗದರುತ್ತಿದ್ದದ್ದು ಮಾತ್ರ ನೆನಪಾಗಲಿಲ್ಲ. ಟೋಕಿಯೊದ ಮೇಲಧಿಕಾರಿಗೆ ಮೊದಲ ಕರೆಯಲ್ಲೇ ನಾಲ್ಕು ಸಲ ‘ಉನ್’ ಎಂದೆ. ಆ ಕಡೆ ಮೌನ. ನೆಟ್‌ವರ್ಕ್ ಹೋಯಿತೆಂದು ಫೋನ್ ಹಿಡಿದು ತಾರಸಿ ಹತ್ತಿದೆ.

ಊರಿನಿಂದಲೇ ಕೆಲಸ ಮಾಡುತ್ತಿದ್ದ ದಿನಗಳವು. ಅವರ 10 ಗಂಟೆಯ ಮೀಟಿಂಗ್ ನನಗೆ ಬೆಳಗ್ಗೆ 6.30ಕ್ಕೆ. ಮನೆಯಲ್ಲಿ ನೇಮ ಉಂಟು, ಇಡೀ ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಬರಲಾಗದು ಎಂದು ದೈವ, ಗಗ್ಗರ, ದೊಂದಿ ಎಲ್ಲ ಸೇರಿಸಿ ಹಿಂದಿನ ದಿನವೇ ಅವರಿಗೆ ವಿವರಿಸಿದೆ. ನನ್ನ ವಾಕ್ಯ ವಾಕ್ಯಕ್ಕೂ ‘ಹಾಯ್, ಹಾಯ್’. ಎಣಿಸಿದೆ, ಹನ್ನೊಂದು. ಇಷ್ಟು ಉದಾರವಾಗಿ ರಜೆ ಕೊಡುವವರು ಭೂಮಿಯ ಮೇಲೆ ಇದ್ದಾರಾ!

ಮರುದಿನ ಮಧ್ಯಾಹ್ನ ಎದ್ದರೆ ಫೋನಿನಲ್ಲಿ ಒಂಬತ್ತು ಮಿಸ್ಡ್ ಕಾಲ್.

ಟೀಚರಿಗೆ ಗೋಳು ಹೇಳಿಕೊಂಡಾಗ ‘ಐಜುಚಿ’ಯ ಪಾಠವಾಯಿತು. ಇಬ್ಬರು ಕಮ್ಮಾರರು ಒಂದೇ ಕಬ್ಬಿಣಕ್ಕೆ ಸರದಿಯಲ್ಲಿ ಸುತ್ತಿಗೆ ಹೊಡೆಯುವುದರಿಂದ ಬಂದ ಮಾತಂತೆ. ಕೇಳುವವನು ನಡುನಡುವೆ ಹಾಯ್, ಉನ್ ಎನ್ನುತ್ತ ತಾಳ ಹಾಕಬೇಕು. ಅರ್ಥ ‘ಕೇಳುತ್ತಿದ್ದೇನೆ’ ಎಂದಷ್ಟೇ, ‘ಒಪ್ಪಿದೆ’ ಎಂದಲ್ಲ. ಹೂಂಗುಟ್ಟುವುದು! ಯಕ್ಷಗಾನ ನೋಡಿಯೇ ಬೆಳೆದವನಿಗೆ ಇಷ್ಟು ಹೊಳೆಯಬೇಡವೇ? ರಾವಣ ಬಂದು ತನ್ನ ಪ್ರತಾಪ ಕೊಚ್ಚಿಕೊಳ್ಳುವಾಗ ಭಾಗವತರು ‘ಹೌದು’ ಎನ್ನುತ್ತಾರೆ. ಹಾಗೆಂದು ಸೀತಾಪಹಾರಕ್ಕೆ ಭಾಗವತರ ಒಪ್ಪಿಗೆ ಇತ್ತೆಂದು ಯಾರೂ ಹೇಳಿದ್ದಿಲ್ಲ.

ಈ ಜ್ಞಾನ ಎಲ್ಲಿಯಾದರೂ ಉಪಯೋಗಕ್ಕೆ ಬರಬೇಕಲ್ಲ. ಆದಿತ್ಯವಾರ ಬೆಳಗ್ಗೆ ಅಮ್ಮ, “ಇವತ್ತು ಅಡಿಕೆ ಸುಲಿಯಲಿಕ್ಕೆ ಕೂತುಕೊಳ್ತೀಯಾ ಅಂತ ಮೊನ್ನೆ ಕೇಳಿದ್ದಕ್ಕೆ ಹೂಂ ಅಂದಿದ್ದಿಯಲ್ಲ ಮಗಾ?” ಎಂದರು.

“ಅದು ಒಪ್ಪಿಗೆಯ ಹೂಂ ಅಲ್ಲಮ್ಮ, ಕೇಳಿಸಿಕೊಂಡ ಹೂಂ,” ಎಂದು ಶುರುಮಾಡಿ ಟೋಕಿಯೊ, ಕಮ್ಮಾರ, ಸುತ್ತಿಗೆ ಎಲ್ಲ ಹೇಳಿದೆ. ಅಮ್ಮ ಒಮ್ಮೆಯೂ ತಡೆಯಲಿಲ್ಲ. ನಡುನಡುವೆ ತಲೆಯಾಡಿಸುತ್ತ ‘ಅಂದ್... ಅಂದ್...’ ಎಂದರು. ಹನ್ನೊಂದಕ್ಕಿಂತ ಹೆಚ್ಚೇ ಇರಬೇಕು. ನಾನು ಮುಗಿಸಿದ ಮೇಲೆ ಒಳಗೆ ಹೋಗಿ, ಅಡಿಕೆ ಸುಲಿಯುವ ಕತ್ತಿ ತಂದು ನನ್ನ ಮುಂದಿಟ್ಟರು.