ಸ್ವಾತಂತ್ರ್ಯ ಬಂತು, ವೈಫೈ ಬರಲಿಲ್ಲ

ಲಿನಕ್ಸನ್ನು ಯಾರು ಬೇಕಾದರೂ ಹಾಕಿಕೊಳ್ಳುವಂತೆ ಮೊದಲು ಕಟ್ಟಿಕೊಟ್ಟ ಊರುಗಳಲ್ಲಿ ಮ್ಯಾಂಚೆಸ್ಟರಿನ ಹೆಸರು ಮೇಲಿದೆ. 1992ರ ಫೆಬ್ರುವರಿಯಲ್ಲಿ ಅಲ್ಲಿನ ಕಂಪ್ಯೂಟಿಂಗ್ ಸೆಂಟರಿನ ಓವೆನ್ ಲೆ ಬ್ಲಾಂಕ್ 'ಎಂಸಿಸಿ ಇಂಟರಿಮ್ ಲಿನಕ್ಸ್' ಅನ್ನು ಫ್ಲಾಪಿಗೆ ಇಳಿಸಿದರು. ಆಗ ವೈಫೈ ಹುಟ್ಟಿರಲಿಲ್ಲ. ಆದ್ದರಿಂದ ಲಿನಕ್ಸಿಗರು ಸುಖವಾಗಿದ್ದರು.

ಈಗ ಅದೇ ಊರಿನ ರಶೋಮ್‌ನ ಕೆಂಪಿಟ್ಟಿಗೆ ಸಾಲುಮನೆಗೆ ದಾವಣಗೆರೆಯಿಂದ ಎಂಎಸ್ಸಿ ಓದಲು ಹುಡುಗ ಬರುತ್ತಾನೆ. ಬಂದ ರಾತ್ರಿಯೇ ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿ, ಬಂಡವಾಳಶಾಹಿಯ ಸಂಕೋಲೆ ಕಳಚಿತೆಂದು ಊರಿಗೆಲ್ಲ ಸಾರಬೇಕೆನ್ನುತ್ತಾನೆ. ಸಾರಲು ನೆಟ್ಟೇ ಇಲ್ಲ. 'ಎಲ್‌ಎಸ್‌ಪಿಸಿಐ' ಎಂದು ಟೈಪಿಸಿದರೆ ಬ್ರಾಡ್‌ಕಾಮ್ ಚಿಪ್ಪು ಇದೆ ಎನ್ನುತ್ತದೆ. 'ಡಿಮೆಸೇಜ್' ಎಂದರೆ ಫರ್ಮ್‌ವೇರ್ ಇಲ್ಲ ಎನ್ನುತ್ತದೆ. ಫರ್ಮ್‌ವೇರ್ ಇರುವುದು ಇಂಟರ್ನೆಟ್ಟಿನಲ್ಲಿ, ಇಂಟರ್ನೆಟ್ ಬರಬೇಕಾದ್ದು ಫರ್ಮ್‌ವೇರಿನಿಂದ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು!

ಚಾಲಕ ತಂತ್ರಾಂಶವೇನೋ ಕರ್ನಲ್ಲಿನಲ್ಲೇ ಇದೆ. ಆದರೆ ಚಿಪ್ಪಿನ ಹೊಟ್ಟೆಯೊಳಗೆ ಓಡುವ ಫರ್ಮ್‌ವೇರ್ ಕಂಪನಿಯ ಆಸ್ತಿ. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಶುದ್ಧಾಚಾರಿಗಳು ಅಂಥದ್ದನ್ನು ಅಧಿಕೃತ ಡಿಸ್ಕಿಗೆ ಬಹುಕಾಲ ಸೇರಿಸಲೇ ಇಲ್ಲ. 2022ರಲ್ಲಿ ಮತ ಹಾಕಿ ಮಡಿ ಸಡಿಲಿಸಿದರು, 2023ರ ಡೆಬಿಯನ್ 12ರಲ್ಲಿ ಅದು ಒಳಗೆ ಬಂತು. ಬ್ರಾಡ್‌ಕಾಮ್‌ನ ಕೆಲವು ಹಳೆಯ ಚಿಪ್ಪುಗಳದ್ದನ್ನು ಹಂಚಲು ಮಾತ್ರ ಅನುಮತಿಯಿಲ್ಲ; ಅದನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಎಲ್ಲಿಂದ? ಇಂಟರ್ನೆಟ್ಟಿನಿಂದ.

ಕೊನೆಗೆ ಕೈಹಿಡಿಯುವುದು ಆಂಡ್ರಾಯ್ಡ್ ಫೋನು. ಯುಎಸ್‌ಬಿ ತಂತಿ ಸಿಕ್ಕಿಸಿ ಟೆದರಿಂಗ್ ಒತ್ತಿದರೆ ಮುಗಿಯಿತು. ತಮಾಷೆಯೆಂದರೆ ಆ ಫೋನಿನೊಳಗಿರುವುದೂ ಲಿನಕ್ಸ್ ಕರ್ನಲ್ಲೇ! ಅದಕ್ಕೆ ವೈಫೈ ಸಲೀಸು, ಏಕೆಂದರೆ ಅದನ್ನು ಮಾರಿದ ಕಂಪನಿ ಫರ್ಮ್‌ವೇರನ್ನು ಚರ್ಚೆಯಿಲ್ಲದೆ ಒಳಗಿಟ್ಟು ಕಳಿಸಿದೆ. ಸ್ವತಂತ್ರನಾದವನು ಡೇಟಾ ಪ್ಯಾಕ್ ಖಾಲಿ ಮಾಡಿಕೊಂಡು ಅದರ ಬಾಲ ಹಿಡಿದಿದ್ದಾನೆ.

ಮರುದಿನ ಲೈಬ್ರರಿ. ಅಲ್ಲಿ ಎಡುರೋಮ್: ನೂರಕ್ಕೂ ಹೆಚ್ಚು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಒಂದೇ ಪಾಸ್‌ವರ್ಡಿಗೆ ವೈಫೈ ಬಾಗಿಲು ತೆರೆಯುವ ವ್ಯವಸ್ಥೆ. ಪಕ್ಕದ ವಿಂಡೋಸ್ ಹುಡುಗಿ ಪಾಸ್‌ವರ್ಡ್ ಒತ್ತಿ ಅಸೈನ್‌ಮೆಂಟ್ ಶುರುಮಾಡಿದ್ದಾಳೆ. ನಮ್ಮವನ ಪರದೆ ಸಿಎ ಸರ್ಟಿಫಿಕೇಟ್ ಎಲ್ಲಿ, ಇನ್ನರ್ ಅಥೆಂಟಿಕೇಶನ್ ಯಾವುದು, ಅನಾಮಧೇಯ ಗುರುತೇನು ಎಂದು ತಾಲ್ಲೂಕು ಕಚೇರಿಯ ಗುಮಾಸ್ತನಂತೆ ಕೇಳುತ್ತಿದೆ. 'ಸರ್ಟಿಫಿಕೇಟ್ ಬೇಡ' ಎಂಬ ಚೌಕಕ್ಕೆ ಗುರುತು ಹಾಕಿದರೆ ನೆಟ್ ಬರುತ್ತದೆ. ನಕಲಿ ಎಡುರೋಮ್ ಹೂಡಿ ಕೂತವನಿಗೆ ಲಾಗಿನ್ ಒಪ್ಪಿಸುವ ದಾರಿಯೂ ಅದೇ. ಸುರಕ್ಷತೆಗೆಂದೇ ಲಿನಕ್ಸಿಗೆ ಬಂದವರು ಇಲ್ಲಿ ಕಣ್ಣುಮುಚ್ಚಿ ಗುರುತು ಹಾಕುವುದನ್ನು ನೋಡಬೇಕು!

ಎಡುರೋಮ್‌ನ 'ಕ್ಯಾಟ್' ಎಂಬ ಸಾಧನ ಲಿನಕ್ಸಿಗೂ ಸ್ಕ್ರಿಪ್ಟ್ ಕೊಡುತ್ತದೆ, ಸರ್ಟಿಫಿಕೇಟನ್ನು ತಾನೇ ಕೂರಿಸುತ್ತದೆ. ಲೀಡ್ಸ್, ಬರ್ಮಿಂಗ್‌ಹ್ಯಾಮ್ ಕಡೆ ಹೊರಟವರು ಅದನ್ನು ಊರಲ್ಲೇ ಇಳಿಸಿಕೊಳ್ಳಿ, ಚಟ್ನಿಪುಡಿಯ ಪಕ್ಕ ಒಂದು ಯುಎಸ್‌ಬಿ ತಂತಿಯನ್ನೂ ಇಟ್ಟುಕೊಳ್ಳಿ.