ಲಾಜಿಕ್ ಇದೆ ಗುರೂ!

ಅವನನ್ನು ನೀವು ಖಂಡಿತ ನೋಡಿದ್ದೀರಿ. ನಲವತ್ತಕ್ಕೆ ಒಂದೆರಡು ವರ್ಷ ಕಡಿಮೆ. ನೆತ್ತಿ ತೆಳ್ಳಗಾಗಿದೆ, ಹೊಟ್ಟೆ ಮುಂದಕ್ಕೆ ಬಂದಿದೆ, ಶರ್ಟಿನೊಳಗೆ ಡಾಕ್ಟರು ಹೇಳಿದ ಸೊಂಟದ ಬೆಲ್ಟಿದೆ. ಬೆಂಗಳೂರಿನ ಯಾವುದೋ ಟೆಕ್ ಪಾರ್ಕಿನ ಎದುರು, ಟೀ ಅಂಗಡಿಯಲ್ಲಿ ಬೈಟು ಕಾಫಿ ಹಿಡಿದು ನಿಂತಿರುತ್ತಾನೆ. ಪಕ್ಕದಲ್ಲಿ ಯಾರಾದರೂ ಬಾಯಿತಪ್ಪಿ ಬ್ಯಾಟ್‌ಮ್ಯಾನನ್ನು ಸೂಪರ್‌ಹೀರೋ ಸಿನಿಮಾ ಅಂದುಬಿಟ್ಟರೆ ಲೋಟ ಕಟ್ಟೆಯ ಮೇಲಿಟ್ಟು ತಿದ್ದುತ್ತಾನೆ. "ಸೂಪರ್‌ಹೀರೋ ಸಿನಿಮಾ ಅಲ್ಲ ಗುರೂ, ಕ್ರೈಂ ಡ್ರಾಮಾ. ಅದರಲ್ಲಿ ಒಬ್ಬ ಬಾವಲಿ ಡ್ರೆಸ್ ಹಾಕ್ಕೊಂಡಿರ್ತಾನೆ, ಅಷ್ಟೆ."

ನಮ್ಮ ಗುಂಪಿನಲ್ಲಿ ಅವನ ಹೆಸರು ನೋಲನ್ ಮೇಷ್ಟ್ರು. ಜನ್ಮದಲ್ಲಿ ಶಾಲೆಯ ಕೆಲಸ ಮಾಡಿದವನಲ್ಲ. ಆದರೆ ಕ್ರಿಸ್ಟೋಫರ್ ನೋಲನ್‌ನ ಮೂರು ಚಿತ್ರಗಳು, ಅಂದರೆ 2005ರ 'ಬ್ಯಾಟ್‌ಮ್ಯಾನ್ ಬಿಗಿನ್ಸ್', 2008ರ 'ದಿ ಡಾರ್ಕ್ ನೈಟ್', 2012ರ 'ದಿ ಡಾರ್ಕ್ ನೈಟ್ ರೈಸಸ್', ಇವೇ ಅವನ ಪಠ್ಯಪುಸ್ತಕ. ಕೇಳಿದವರಿಗೂ ಪಾಠ, ಕೇಳದವರಿಗೂ ಪಾಠ. ಹಾಗಾಗಿ ಇನ್ನು ಮುಂದೆ ನಾನೂ ಬಹುವಚನದಲ್ಲೇ ಬರೆಯುತ್ತೇನೆ.

ಮೇಷ್ಟ್ರ ಸಿದ್ಧಾಂತ ಸರಳ. 1997ರಲ್ಲಿ ಬಂದ 'ಬ್ಯಾಟ್‌ಮ್ಯಾನ್ ಆ್ಯಂಡ್ ರಾಬಿನ್' ಚಿತ್ರದಲ್ಲಿ ಹೀರೋ ಸೊಂಟದ ಪಟ್ಟಿಯಿಂದ ಬ್ಯಾಟ್ ಕ್ರೆಡಿಟ್ ಕಾರ್ಡ್ ತೆಗೆದ. ಅಲ್ಲಿಗೆ ಬ್ಯಾಟ್‌ಮ್ಯಾನ್ ಕಥೆ ಮುಗಿಯಿತು ಎಂದು ಊರಿಗೆ ಊರೇ ನಕ್ಕಿತು. ಆಮೇಲೆ ನೋಲನ್ ಬಂದು ಲೆಕ್ಕ ಕೇಳಿದ. ಈ ಮುಖವಾಡ ಯಾರು ಮಾಡಿಕೊಟ್ಟರು? ಕಾರು ಎಲ್ಲಿಂದ ಬಂತು? ಬಿಲ್ಲು ಯಾರ ಹೆಸರಿಗೆ? ಮೊದಲ ಚಿತ್ರದಲ್ಲಿ ಬ್ಯಾಟ್‌ಮ್ಯಾನ್ ಆಗಹೊರಟ ಬ್ರೂಸ್ ವೇಯ್ನ್‌ಗೆ ಬೇಕಾಗಿರುವುದು ಒಂದೇ ಒಂದು ಮುಖವಾಡ. ಆದರೆ ಒಂದೇ ಆರ್ಡರ್ ಮಾಡಿದರೆ ಅನುಮಾನ ಬರುತ್ತದೆ ಎಂದು ಮನೆಯ ಬಟ್ಲರ್ ಆಲ್‌ಫ್ರೆಡ್ ಹತ್ತು ಸಾವಿರದ ಆರ್ಡರ್ ಕೊಡಿಸುತ್ತಾನೆ. ಬಂದ ಮೊದಲ ಲಾಟು ಡಿಫೆಕ್ಟು. ಅದಕ್ಕೆ ಡಿಸ್ಕೌಂಟು ಬೇರೆ.

ಮೇಷ್ಟ್ರು ಕೆಲಸ ಮಾಡುವುದು ಪರ್ಚೇಸ್ ವಿಭಾಗದಲ್ಲಿ. ಈ ದೃಶ್ಯ ಬಂದಾಗ ಅವರ ಕಣ್ಣು ಒದ್ದೆಯಾಗುತ್ತದೆ. "ಹೀರೋನ ಟೋಪಿಗೆ ಪರ್ಚೇಸ್ ಆರ್ಡರ್ ಹಾಕಿದ ಇನ್ನೊಬ್ಬ ಡೈರೆಕ್ಟರನ್ನ ತೋರ್ಸು ನೋಡೋಣ!"

ಎರಡನೇ ಚಿತ್ರದಲ್ಲಿ ಶಿಕಾಗೋದ ಲಸಾಲ್ ಸ್ಟ್ರೀಟಿನ ನಡುರಸ್ತೆಯಲ್ಲಿ ದೈತ್ಯ ಟ್ರಕ್ಕೊಂದು ಮೂತಿಯ ಮೇಲೆ ಎದ್ದು ಪಲ್ಟಿ ಹೊಡೆಯುತ್ತದೆ. ಗ್ರಾಫಿಕ್ಸ್ ಅಲ್ಲ, ನಿಜವಾದ ಟ್ರಕ್ಕು, ನಿಜವಾದ ಪಲ್ಟಿ. ಇದನ್ನು ಹೇಳುವಾಗ ಮೇಷ್ಟ್ರ ದನಿಯಲ್ಲಿ ಆ ಟ್ರಕ್ಕಿನ ಮಾಲೀಕರಿಗಿರಬೇಕಾದ ಗಾಂಭೀರ್ಯವಿರುತ್ತದೆ. ಇದೇ ಮೇಷ್ಟ್ರು ಕನ್ನಡ ಸಿನಿಮಾದಲ್ಲಿ ಹೀರೋ ಒದ್ದ ಹೊಡೆತಕ್ಕೆ ಟಾಟಾ ಸುಮೋ ಗಾಳಿಗೆ ಹಾರಿದರೆ, "ಗ್ರಾವಿಟಿಗೆ ಮರ್ಯಾದೆ ಬೇಡ್ವಾ?" ಎಂದು ಇಂಟರ್ವಲ್‌ನಲ್ಲೇ ಎದ್ದು ಹೋಗುವವರು. ಚಿತ್ರೀಕರಣದಲ್ಲಿ ಟ್ರಕ್ಕು ನಿಜವಾಗಿ ಮಗುಚಿತು ಎಂದ ಮಾತ್ರಕ್ಕೆ ಬೈಕಿನವನೊಬ್ಬ ಟ್ರಕ್ಕಿಗೆ ಕೇಬಲ್ ತೊಡರಿಸಿ ಮಗುಚಿಹಾಕುವುದು ನಿಜವಾಗುತ್ತದೆಯೇ ಎಂದು ಕೇಳಿ ನೋಡಿ. "ಪ್ರಾಕ್ಟಿಕಲ್ ಎಫೆಕ್ಟ್ಸ್ ಅಂದ್ರೆ ಗೊತ್ತಾ ನಿಂಗೆ?" ಎಂಬ ಮರುಪ್ರಶ್ನೆ ಬರುತ್ತದೆ. ಗೊತ್ತು ಅಂದರೂ ಪಾಠ ತಪ್ಪುವುದಿಲ್ಲ.

ಐಮ್ಯಾಕ್ಸ್‌ನಲ್ಲಿ ನೋಡದವನು ನೋಡಿದವನೇ ಅಲ್ಲ ಎಂಬುದು ಅವರ ಇನ್ನೊಂದು ಆದೇಶ. ಅವರು ಸ್ವತಃ 'ದಿ ಡಾರ್ಕ್ ನೈಟ್' ಮೊದಲು ನೋಡಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಯಾರದೋ ಹಾರ್ಡ್‌ಡಿಸ್ಕಿನಿಂದ ಇಳಿಸಿದ ಕ್ಯಾಮೆರಾ ಪ್ರಿಂಟಿನಲ್ಲಿ. ಆ ಪ್ರಿಂಟಿನಲ್ಲಿ ವಿಲನ್ ಜೋಕರ್‌ನಷ್ಟೇ ಹೊತ್ತು ಕಾಣಿಸಿಕೊಂಡದ್ದು ಪಾಪ್‌ಕಾರ್ನ್‌ಗೆ ಎದ್ದು ಹೋದವನ ತಲೆ.

ಮೇಷ್ಟ್ರಿದ್ದಲ್ಲಿ ಆಡಿಟರ್ ಇರಲೇಬೇಕು. ಇವರು ಸಾಫ್ಟ್‌ವೇರ್ ಟೆಸ್ಟರ್. ಕಂಪನಿಯವರು ಸಂಬಳ ಕೊಟ್ಟು ತಪ್ಪು ಹುಡುಕಿಸುತ್ತಾರೆ, ಟೀ ಅಂಗಡಿಯಲ್ಲಿ ಅದನ್ನೇ ಪುಕ್ಕಟೆ ಮಾಡಿಕೊಡುತ್ತಾರೆ. ಇಬ್ಬರ ನಡುವಿನ ಹಳೆಯ ವ್ಯಾಜ್ಯ ಮೊದಲ ಚಿತ್ರದ ಮೈಕ್ರೋವೇವ್ ಯಂತ್ರದ್ದು. ವಿಲನ್‌ಗಳು ಊರಿನ ಕುಡಿಯುವ ನೀರಿಗೆ ಭಯ ಹುಟ್ಟಿಸುವ ವಿಷ ಬೆರೆಸಿದ್ದಾರೆ. ಕುಡಿದರೆ ಏನೂ ಆಗುವುದಿಲ್ಲ, ಆವಿಯಾಗಿ ಮೂಗಿಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಆ ನೀರನ್ನು ಪೈಪಿನೊಳಗೇ ಆವಿ ಮಾಡಲು ಈ ಯಂತ್ರ.

"ಪೈಪೊಳಗಿರೋ ನೀರು ಕುದಿಯತ್ತೆ. ಪಕ್ಕದಲ್ಲಿ ನಿಂತವನ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಅವನ್ಯಾಕೆ ಕುದಿಯಲ್ಲ?"

"ಅದು ಫೋಕಸ್ ಮಾಡಿರೋ ಮೈಕ್ರೋವೇವ್ ಮಗಾ."

"ಯಾವುದರ ಮೇಲೆ ಫೋಕಸ್ಸು? ಪೈಪು ಲೋಹದ್ದು. ಮೈಕ್ರೋವೇವ್ ಲೋಹ ದಾಟಲ್ಲ. ಮನೇಲಿ ಓವನ್ನಿಗೆ ಸ್ಟೀಲ್ ಡಬ್ಬಿ ಇಟ್ಟು ನೋಡು, ನಿನ್ ಹೆಂಡ್ತಿ ಹೇಳ್ತಾಳೆ."

"ಇದರ ಫ್ರೀಕ್ವೆನ್ಸಿ ಬೇರೆ."

"ಯಾವ ಫ್ರೀಕ್ವೆನ್ಸಿ?"

"ಮಿಲಿಟರಿ ಫ್ರೀಕ್ವೆನ್ಸಿ."

ಆಡಿಟರ್ ಅಷ್ಟಕ್ಕೆ ಬಿಡುವವರಲ್ಲ. ಹಿಂದಿನ ಸ್ಟೌ ಮೇಲೆ ಉಕ್ಕುತ್ತಿದ್ದ ಟೀ ಪಾತ್ರೆಯನ್ನು ತೋರಿಸಿದರು. "ವಾರಗಟ್ಟಲೆ ವಿಷ ಬೆರೆಸಿದಾರಲ್ಲ, ಅಷ್ಟು ದಿನ ಆ ಊರಲ್ಲಿ ಒಬ್ಬನೂ ಟೀ ಕಾಯಿಸ್ಲಿಲ್ವಾ? ಆವಿ ಮೂಗಿಗೆ ಹೋಗ್ಲಿಲ್ವಾ?"

"ಅಮೆರಿಕದವರು ಐಸ್ ನೀರು ಕುಡಿಯೋದು."

"ಸ್ನಾನ?"

ಮೇಷ್ಟ್ರು ಲೋಟದ ತಳದಲ್ಲಿದ್ದ ಕಾಫಿಯನ್ನು ಎರಡು ಸುತ್ತು ತಿರುಗಿಸಿದರು. "ಎಲ್ಲಾರೂ ದಿನಾ ಮಾಡಲ್ಲ," ಎಂದರು.

ಸಂಭಾಷಣೆಯ ವಿಷಯಕ್ಕೆ ಬಂದರೆ ಜಗಳಕ್ಕೆ ಇನ್ನೊಂದು ಬೈಟು ಬೇಕಾಗುತ್ತದೆ. ಗಾಥಮ್ ನಗರದಲ್ಲಿ ಸಾಧಾರಣ ಮಾತು ಆಡುವವರೇ ಇಲ್ಲ ಎಂಬುದು ಆಡಿಟರ್ ಆಕ್ಷೇಪ. ಲಾಯರಿಂದ ಹಿಡಿದು ರೌಡಿಯವರೆಗೆ ಬಾಯಿ ಬಿಟ್ಟರೆ ಸುಭಾಷಿತ. ಜೋಕರ್ ಯಾಕೆ ಹೀಗೆ ಮಾಡುತ್ತಿದ್ದಾನೆ ಎಂದು ಬ್ರೂಸ್ ತಲೆ ಕೆಡಿಸಿಕೊಂಡಿದ್ದರೆ ಆಲ್‌ಫ್ರೆಡ್ ಬರ್ಮಾದ ಕಾಡಿನ ಕಳ್ಳನ ಕಥೆ ಶುರು ಮಾಡುತ್ತಾನೆ. ಕಳ್ಳನನ್ನು ಕೊನೆಗೆ ಹೇಗೆ ಹಿಡಿದಿರಿ ಎಂದು ಕೇಳಲು ಬ್ರೂಸ್ ಇನ್ನೊಂದು ದೃಶ್ಯ ಕಾಯಬೇಕು.

ಇತ್ತ ಮೇಷ್ಟ್ರಿಗೆ ನಮ್ಮ ಚಿತ್ರಗಳ ಬಿಲ್ಡಪ್ ಡೈಲಾಗ್ ಕಂಡರೆ ಮೈಯೆಲ್ಲ ಉರಿ. ಆದರೆ ಎರಡನೇ ಚಿತ್ರದ ಕೊನೆಯಲ್ಲಿ ಬ್ಯಾಟ್‌ಮ್ಯಾನ್ ಬೈಕಿನಲ್ಲಿ ಪರಾರಿಯಾಗುತ್ತಿರುವಾಗ ಪೊಲೀಸ್ ಅಧಿಕಾರಿ ಗಾರ್ಡನ್ ತನ್ನ ಪುಟ್ಟ ಮಗನನ್ನು ನಿಲ್ಲಿಸಿಕೊಂಡು ಆತ ಎಂಥವನು ಎಂದು ವರ್ಣಿಸುವುದು ಅವರಿಗೆ ಮಹಾಕಾವ್ಯ. "ಎರಡೂ ಒಂದೇ ಮಗಾ," ಎನ್ನುತ್ತಾರೆ ಆಡಿಟರ್. "ನಮ್ಮಲ್ಲಿ ಹೀರೋ ಬರೋಕ್ ಮುಂಚೆ ಹೇಳ್ತಾರೆ, ಅವರಲ್ಲಿ ಹೋದ್ಮೇಲೆ ಹೇಳ್ತಾರೆ."

ಇನ್ನು ಆ ಗೊಗ್ಗರು ದನಿ. ಕ್ರಿಶ್ಚಿಯನ್ ಬೇಲ್ ಮುಖವಾಡ ಹಾಕಿದೊಡನೆ ಗಂಟಲು ಕೆಟ್ಟವರಂತೆ ಮಾತಾಡುವುದೇಕೆ? ಗುರುತು ಸಿಗಬಾರದಲ್ಲ, ಅದಕ್ಕೇ ಎಂದು ಮೇಷ್ಟ್ರು ಅದೇ ದನಿಯಲ್ಲಿ ವಿವರಿಸುತ್ತಾರೆ; ಆಮೇಲೆ ಕೆಮ್ಮು ಹತ್ತಿ ಅಂಗಡಿಯವನು ನೀರು ಕೊಡಬೇಕಾಗುತ್ತದೆ. ಆಡಿಟರ್ ಬಳಿ ಇದಕ್ಕೂ ಸಾಕ್ಷ್ಯವಿದೆ. ಮೂರನೇ ಚಿತ್ರದಲ್ಲಿ ಮಹಡಿಯ ಮೇಲೆ ಕಳ್ಳಿ ಸೆಲೀನಾ ಮಾತಿನ ನಡುವೆಯೇ ಮಾಯವಾಗುತ್ತಾಳೆ. ಬ್ಯಾಟ್‌ಮ್ಯಾನ್ ತನ್ನಷ್ಟಕ್ಕೆ ತಾನು ಒಂದು ಮಾತು ಗೊಣಗಿಕೊಳ್ಳುತ್ತಾನೆ, ಅದೂ ಗೊಗ್ಗರು ದನಿಯಲ್ಲೇ. "ಅಲ್ಲಿ ಯಾರೂ ಇಲ್ಲ. ಯಾರಿಂದ ಗುರುತು ಮುಚ್ಚಿಡ್ತಿದಾನೆ? ಪಾರಿವಾಳದಿಂದಾನಾ?"

ಅದೇ ಮೂರನೇ ಚಿತ್ರದ ವಿಲನ್ ಬೇನ್‌ನ ಮಾತಂತೂ ಜಗತ್ತಿಗೇ ತಲೆನೋವಾಗಿತ್ತು. 2011ರ ಡಿಸೆಂಬರಿನಲ್ಲಿ ಚಿತ್ರದ ಆರಂಭದ ಭಾಗವನ್ನು ಐಮ್ಯಾಕ್ಸ್ ಪರದೆಗಳಲ್ಲಿ ಮುಂಚಿತವಾಗಿ ತೋರಿಸಿದಾಗ, ಆ ಮುಖಗವಸಿನೊಳಗಿಂದ ಏನು ಹೇಳುತ್ತಿದ್ದಾನೆಂದು ತಿಳಿಯದೆ ಜನ ಗೊಣಗಿದರು. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಮಾತು ಸ್ಪಷ್ಟವಾಗಿತ್ತು. ಮೇಷ್ಟ್ರಿಗೆ ಇದೇ ಬೇಸರ. ಬಾಯಿಗೆ ಯಂತ್ರ ಕಟ್ಟಿಕೊಂಡವನ ಮಾತು ಅರ್ಥವಾಗದಿರುವುದೇ ಸಹಜವಂತೆ. ಅವರ ಮನೆಯಲ್ಲಿ ಈ ಚಿತ್ರ ಹಾಕಿದಾಗ ಮಾತ್ರ ಸಬ್‌ಟೈಟಲ್ ಇರುತ್ತದೆ. ಅದು "ಮನೆಯವರಿಗೋಸ್ಕರ". ಮನೆಯವರು ಆ ಹೊತ್ತಿಗೆ ನಿದ್ದೆ ಮಾಡಿರುತ್ತಾರೆ.

ಮೇಷ್ಟ್ರು ಗೆಲ್ಲುವುದೂ ಉಂಟು. ತನ್ನದು ಯಾವ ಪ್ಲಾನೂ ಇಲ್ಲ ಎನ್ನುವ ಜೋಕರ್, ಬ್ಯಾಂಕು ದೋಚಿ ಹಳದಿ ಸ್ಕೂಲ್ ಬಸ್ಸಿನಲ್ಲಿ ಹೊರಬಿದ್ದು, ಸಾಲಾಗಿ ಹೋಗುತ್ತಿರುವ ಸ್ಕೂಲ್ ಬಸ್ಸುಗಳ ನಡುವೆ ಅಳೆದಂತೆ ಸೇರಿಕೊಳ್ಳುತ್ತಾನಲ್ಲ ಎಂದರು ಆಡಿಟರ್. "ಸಿಲ್ಕ್ ಬೋರ್ಡಿನಲ್ಲಿ ಇಂಡಿಕೇಟರ್ ಹಾಕಿ ಕೈ ಮುಗಿದ್ರೂ ಜಾಗ ಬಿಡಲ್ಲ!" ಮೇಷ್ಟ್ರು ತಣ್ಣಗೆ ಉತ್ತರಿಸಿದರು: "ಅವನು ಬಾಯಿಯ ಗಾಯದ ಕಥೆಯನ್ನೇ ಒಬ್ಬೊಬ್ಬರಿಗೆ ಒಂದೊಂದು ಥರ ಹೇಳ್ತಾನೆ. ಪ್ಲಾನ್ ಇಲ್ಲ ಅಂದಿದ್ದನ್ನ ನೀನು ನಂಬಿದ್ಯಾ?" ಆಡಿಟರ್‌ಗೆ ಉತ್ತರ ಹೊಳೆಯಲಿಲ್ಲ. ಆ ಜೋಕರ್ ಆಗಿ ನಟಿಸಿದ ಹೀತ್ ಲೆಡ್ಜರ್ ಹೆಸರು ಬಂದರೆ ಇಬ್ಬರೂ ಒಂದೇ ಪಕ್ಷ. 2008ರ ಜನವರಿಯಲ್ಲಿ, ಚಿತ್ರ ತೆರೆಗೆ ಬರುವ ಮೊದಲೇ ತೀರಿಕೊಂಡ ನಟ. ಮರುವರ್ಷ ಆಸ್ಕರ್ ಬಂದಾಗ ತೆಗೆದುಕೊಳ್ಳಲು ಅವನಿರಲಿಲ್ಲ. ಅಲ್ಲಿ ಲಾಜಿಕ್ಕಿನ ಮಾತು ಇಬ್ಬರೂ ಎತ್ತುವುದಿಲ್ಲ.

ಮೂರನೇ ಚಿತ್ರಕ್ಕೆ ಮಾತ್ರ ಮೇಷ್ಟ್ರು ಕೊಂಚ ಮೆತ್ತಗಾಗುತ್ತಾರೆ. ಬೇನ್ ಬ್ರೂಸ್‌ನ ಬೆನ್ನು ಮುರಿಯುತ್ತಾನೆ. ಹೊರದೇಶದ ಬಾವಿಯಂಥ ಸೆರೆಮನೆಯಲ್ಲಿ ಜೊತೆಯ ಕೈದಿಯೊಬ್ಬ ಬ್ರೂಸ್‌ನನ್ನು ಹಗ್ಗದಲ್ಲಿ ನೇತುಹಾಕಿ, ಆಚೆ ಬಂದ ಬೆನ್ನೆಲುಬಿಗೆ ಗುದ್ದು ಕೊಟ್ಟು ಒಳಗೆ ಕೂರಿಸುತ್ತಾನೆ. ಸ್ವಲ್ಪ ದಿನ ಕಳೆದು ಬ್ರೂಸ್ ಗೋಡೆ ಹತ್ತುತ್ತಾನೆ. ಆಡಿಟರ್ ಏನೂ ಹೇಳದೆ ಮೇಷ್ಟ್ರ ಸೊಂಟದ ಬೆಲ್ಟನ್ನೇ ನೋಡುತ್ತಾರೆ. ಪ್ರಿಂಟರ್ ಟ್ರೇ ಎಳೆಯಲು ಬಗ್ಗಿದ್ದಕ್ಕೆ ಬಂದ ಬೆಲ್ಟದು, ಇನ್ನೂ ಇಳಿದಿಲ್ಲ.

ಬ್ರೂಸ್ ಆ ಬಾವಿಯಿಂದ ಮೇಲೆ ಬಂದು ನಿಲ್ಲುವ ದೃಶ್ಯ ತೆಗೆದದ್ದು ನಮ್ಮ ಜೋಧ್‌ಪುರದಲ್ಲಿ. ದೂರಕ್ಕೆ ಮೆಹ್ರಾನ್‌ಗಢ ಕೋಟೆ ಕಾಣುತ್ತದೆ. ಕಥೆಯಲ್ಲಿ ಆ ಜಾಗಕ್ಕೆ ಹೆಸರಿಲ್ಲ, ಆದರೆ ಆಡಿಟರ್‌ಗೆ ಕೋಟೆಯೇ ಸಾಕು. "ಕೈಯಲ್ಲಿ ಕಾಸಿಲ್ಲ, ಪಾಸ್‌ಪೋರ್ಟಿಲ್ಲ. ಆ ಕಡೆ ಗಾಥಮ್‌ನ ಸೇತುವೆ ಒಂದು ಬಿಟ್ಟು ಎಲ್ಲಾ ಉಡಾಯಿಸಿದಾರೆ. ಮುಂದಿನ ಸಲ ನೋಡಿದ್ರೆ ಊರೊಳಗೆ ನಿಂತಿದಾನೆ! ಜೋಧ್‌ಪುರದಿಂದ ಬೆಂಗಳೂರಿಗೆ ಬರೋದಕ್ಕೇ ತತ್ಕಾಲ್ ಸಿಗಲ್ಲ."

"ಅವನು ಬ್ಯಾಟ್‌ಮ್ಯಾನ್ ಗುರೂ!"

ಅಷ್ಟು ಹೊತ್ತು ರಿಯಲಿಸಂ ಬೋಧಿಸಿದ ಬಾಯಿಂದಲೇ ನಿಜ ಹೊರಬಿತ್ತು. ಟೀ ಅಂಗಡಿಯಲ್ಲಿ ನಿಂತು, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು ತೂಗಾಡಿಸಿಕೊಂಡು, ನನಗೆ ಬಾವಲಿ ವೇಷದವನು ಅಂದರೆ ಪ್ರಾಣ ಎಂದು ಹೇಳಲು ಬರುವುದಿಲ್ಲ. ಟ್ರೀಟ್‌ಮೆಂಟ್ ತುಂಬಾ ಗ್ರೌಂಡೆಡ್ ಅನ್ನಬಹುದು. ಮೇಷ್ಟ್ರ ಲಾಜಿಕ್ ದೊಡ್ಡವರ ಲೋಕಕ್ಕೆ ತೋರಿಸುವ ಅನುಮತಿ ಪತ್ರ. ಆಡಿಟರ್ ಬಗ್ಗೆಯೂ ನನಗೆ ಅನುಮಾನವೇ. ಮೂರನೇ ಚಿತ್ರದಲ್ಲಿ ಷೇರುಪೇಟೆಯಿಂದ ಹಗಲಲ್ಲಿ ಹೊರಟ ಬೈಕುಗಳು ಸುರಂಗ ದಾಟುವಷ್ಟರಲ್ಲಿ ಕತ್ತಲಾಯಿತು ಎಂಬುದನ್ನು ಕಂಡುಹಿಡಿಯಬೇಕಾದರೆ ಆ ದೃಶ್ಯವನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿರಬೇಕು? ಬೇಡವಾದ ಸಿನಿಮಾಕ್ಕೆ ಯಾರೂ ಇಷ್ಟು ಚಾಕರಿ ಮಾಡುವುದಿಲ್ಲ.

ಮೊನ್ನೆ ಇದಕ್ಕೆ ಪುರಾವೆಯೂ ಸಿಕ್ಕಿತು. ಹೊಸದಾಗಿ ಸೇರಿದ ಹುಡುಗನೊಬ್ಬ ಇವರ ಜಗಳ ಕೇಳುತ್ತ ನಿಂತಿದ್ದ. ವಿನಯದಿಂದಲೇ ಬಾಯಿ ಹಾಕಿದ. "ಸರ್, ನೋಲನ್‌ದು ಸ್ವಲ್ಪ ಓವರ್ ಅಲ್ವಾ? 2022ರಲ್ಲಿ ಮ್ಯಾಟ್ ರೀವ್ಸ್ ಮಾಡಿದ ಬ್ಯಾಟ್‌ಮ್ಯಾನ್ ನೋಡಿ, ಅದು ಪಕ್ಕಾ ರಿಯಲಿಸ್ಟಿಕ್."

ಮೇಷ್ಟ್ರ ಮುಖ ಕಪ್ಪಿಟ್ಟಿತು. ಆಡಿಟರ್ ಲೋಟ ಕೆಳಗಿಟ್ಟರು. "ಅದ್ರಲ್ಲಿ ಮುಖದ ಮುಂದೆ ಬಾಂಬ್ ಸಿಡಿಯತ್ತೆ. ಮೂಗಿಗೆ ಒಂದು ಗೀರೂ ಇಲ್ಲ. ಪೊಲೀಸ್ ಸ್ಟೇಷನ್ನಲ್ಲಿ ಪ್ರಜ್ಞೆ ಇಲ್ದೆ ಬಿದ್ದಿದಾನೆ, ಸುತ್ತ ಅಷ್ಟು ಜನ ಪೊಲೀಸರು. ಒಬ್ಬನಾದ್ರೂ ಮಾಸ್ಕ್ ತೆಗೆದು ನೋಡಿದ್ನಾ? ರಿಯಲಿಸ್ಟಿಕ್ಕಂತೆ!"

"ಹಾಕು ಮಗಾ, ಹಾಕು!" ಎಂದರು ಮೇಷ್ಟ್ರು.

ಹುಡುಗ ಸೋಲಲಿಲ್ಲ. "ಆದ್ರೆ ಸರ್, ನೋಲನ್ ಫಸ್ಟ್ ಪಾರ್ಟಲ್ಲಿ ಆ ಮೈಕ್ರೋವೇವ್ ಮೆಷಿನ್ನು... ಜನ ಯಾಕೆ ಕುದಿಯಲ್ಲ?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಆಡಿಟರ್ ಹುಡುಗನ ಹೆಗಲ ಮೇಲೆ ಕೈಯಿಟ್ಟರು.

"ಅದರ ಫ್ರೀಕ್ವೆನ್ಸಿ ಬೇರೆ ಕಣಪ್ಪಾ. ಮಿಲಿಟರೀದು."